ಫಣಿಯಮ್ಮನೂ ನಮ್ಮ ಅತ್ತೆಯೂ

ತೊಗರಿ ರಾಶಿಯ ದಿನಗಳಲ್ಲಿ ಜೇವರ್ಗಿಯ ಬಂಧುಗಳ ಮನೆಗೆ ಹೋಗಿದ್ದಾಗ, ಒಂದು ಸಂಜೆ ಎಲ್ಲರೂ ಕೂಡಿ ಪ್ರೇಮಾ ಕಾರಂತರ ‘ಫಣಿಯಮ್ಮ’ ಚಿತ್ರವನ್ನು ನೋಡಿದೆವು. ಆಳಂದದಿಂದ ಬಂದಿದ್ದ ನನ್ನ ಸೋದರತ್ತೆಯವರೂ, ಅಫಜಲಪುರದಲ್ಲಿ ಓದುತ್ತಿರುವ ತಂಗಿಯ ಮಗಳೂ ಜೊತೆಗಿದ್ದರು. ಅತ್ತೆ ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು.

ಚಿತ್ರ ಮುಗಿದಾಗ ಹುಡುಗಿ ಕೇಳಿದಳು: “ಈ ಫಣಿಯಮ್ಮಗ ಸಿಟ್ಟು ಯಾಕ ಬರಂಗಿಲ್ಲ?” ಅತ್ತೆ ಥಟ್ಟನೆ ಅಂದರು: “ಸಿಟ್ಟ ಬಂದ್ರ ಕೂಳ ಯಾರ್ ಹಾಕ್ತಾರವ್ವಾ?”

ಈ ಒಂದು ಮಾತು ಚಿತ್ರವನ್ನು ಮತ್ತೊಮ್ಮೆ ನೋಡುವಂತೆ ಮಾಡಿತು. ಎಂ.ಕೆ. ಇಂದಿರಾ ಅವರ 1976ರ ಕಾದಂಬರಿಯನ್ನು ಆಧರಿಸಿದ ಈ 1983ರ ಚಿತ್ರ ಮಲೆನಾಡಿನ ಬಾಲವಿಧವೆಯೊಬ್ಬಳ ದೀರ್ಘ ಜೀವನದ ಕಥೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಕೂಡ ವಿಧವೆಯ ಕಥೆಯೇ. ಅದು ಶ್ರೇಷ್ಠ ಕೃತಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಲ್ಲಿ ಯಮುನೆಯನ್ನು ನಾವು ಬಾಲಕನೊಬ್ಬನ ಕಣ್ಣಿನಿಂದ ಕಾಣುತ್ತೇವೆ. ತಲೆ ಬೋಳಾದ ಮೇಲೆ ಅವಳು ಹೇಗೆ ಬದುಕಿದಳೆಂಬುದು ಆ ಕಥೆಯ ಆಚೆಗೆ ಉಳಿಯುತ್ತದೆ. ಪ್ರೇಮಾ ಕಾರಂತರ ಆಸಕ್ತಿಯಿರುವುದು ಆ ‘ಮೇಲೆ’ ಎಂಬುದರಲ್ಲಿಯೇ. ಫಣಿಯಮ್ಮ ದುಡಿಯುತ್ತಾಳೆ, ಬಾಣಂತನ ಮಾಡುತ್ತಾಳೆ, ಎಲ್ಲವನ್ನೂ ನೋಡುತ್ತಾಳೆ. ಕೊನೆಗೆ ತಲೆಬೋಳಿಸಲು ಒಪ್ಪದ ತರುಣ ವಿಧವೆಯ ಪರವಾಗಿ ನಿಲ್ಲುತ್ತಾಳೆ. ಕೂಳಿನ ಹಂಗಿನಲ್ಲಿ ತನಗಾಗಿ ಆಡದೆ ಉಳಿದ ಮಾತನ್ನು ಇನ್ನೊಬ್ಬಳಿಗಾಗಿ ಆಡುವುದೇ ಈ ಚಿತ್ರದ ಸ್ತ್ರೀವಾದ.

ಹಾಗೆಂದು ದೋಷವಿಲ್ಲವೆ? ಇದೆ. ಆಕೆಯ ನಿರ್ಲಿಪ್ತತೆಗೆ ಚಿತ್ರ ಅಲ್ಲಲ್ಲಿ ಸಂತತ್ವದ ಪ್ರಭಾವಳಿಯನ್ನು ಕಟ್ಟುತ್ತದೆ. ಬಯಕೆಯೇ ಇಲ್ಲದ ವಿಧವೆಯನ್ನು ಪೂಜಿಸುವುದು ಸಮಾಜಕ್ಕೆ ಬಹಳ ಸುಲಭ. ಹುಡುಗಿಯ ಪ್ರಶ್ನೆ ನ್ಯಾಯವಾದುದೇ.

ಚೀನಾದ ನಿರ್ದೇಶಕಿ ಹುವಾಂಗ್ ಶುಚಿನ್ 1987ರಲ್ಲಿ ತೆಗೆದ ‘ಹೆಣ್ಣು, ಭೂತ, ಮನುಷ್ಯ’ ಎಂಬ ಚಿತ್ರ ಇಲ್ಲಿ ನೆನಪಾಗುತ್ತದೆ. ಅದರ ನಾಯಕಿ ಗೀತನಾಟಕದ ನಟಿ; ಭೂತಗಳನ್ನು ಹಿಡಿಯುವ ಝೋಂಗ್ ಕುಯಿ ಎಂಬ ಗಂಡುಪಾತ್ರವನ್ನು ಧರಿಸಿ ಕೀರ್ತಿ ಗಳಿಸುತ್ತಾಳೆ. ನಮ್ಮ ದೊಡ್ಡಾಟದಲ್ಲಿ ಗಂಡಸರು ಸೀರೆಯುಟ್ಟು ರಂಗಕ್ಕೆ ಬಂದರೆ, ಇಲ್ಲಿ ಹೆಣ್ಣು ಗಡ್ಡ ಕಟ್ಟಿಕೊಂಡು ಬರುತ್ತಾಳೆ. ರಂಗದ ಮೇಲೆ ಜಯಘೋಷ, ಬಣ್ಣ ಕಳಚಿದೊಡನೆ ಒಂಟಿತನ. ಆಕೆಗೆ ಬಯಕೆಯೂ ಇದೆ, ನೋವೂ ಇದೆ. ಹುವಾಂಗ್ ಆಕೆಯನ್ನು ಸಂತಳನ್ನಾಗಿ ಮಾಡುವುದಿಲ್ಲ.

ನಿರ್ದೇಶಕಿ ಹೆಣ್ಣಾದ ಮಾತ್ರಕ್ಕೆ ದೃಷ್ಟಿ ಬದಲಾಗುತ್ತದೆಂದು ನಾನು ಹೇಳಲಾರೆ. ಕವಿತಾ ಲಂಕೇಶರ ‘ದೇವೀರಿ’ಯಲ್ಲಿಯೂ (1999) ಅಕ್ಕನನ್ನು ನಾವು ಕಾಣುವುದು ತಮ್ಮನ ಕಣ್ಣಿನಿಂದಲೇ. ಆದರೂ ಆ ಅಕ್ಕ ಕನಿಕರಕ್ಕೆ ಕೈ ಚಾಚುವವಳಲ್ಲ. ಯಾರ ಕಣ್ಣು ಎಂಬುದರಷ್ಟೇ ಮುಖ್ಯ, ಆ ಕಣ್ಣು ಎಷ್ಟು ಹೊತ್ತು ನೋಡುತ್ತದೆ ಎಂಬುದು.

ಏಳುವಾಗ ಅತ್ತೆ ಇನ್ನೊಂದು ಮಾತು ಸೇರಿಸಿದರು: “ಚೊಲೋ ಅದ. ಆದ್ರ ಆಕಿ ಮಾತು ನಮ್ಮ ಕಡೀದಲ್ಲ.”

ನಿಜ. ನಾನು ಕಂಡ ಈ ಚಿತ್ರಗಳಲ್ಲಿ ಮಲೆನಾಡಿನ ಅಂಗಳವಿದೆ, ಬೆಂಗಳೂರಿನ ಕೊಳಚೆಗೇರಿಯಿದೆ; ಭೀಮೆಯ ದಂಡೆಯಲ್ಲಿ ತೊಗರಿ ಕೊಯ್ಯುವವಳಿಲ್ಲ. ಆಕೆ ತನ್ನ ಮಾತಿನಲ್ಲಿಯೇ ಸಿಟ್ಟಾಗುವುದನ್ನು, ಸಿಟ್ಟಾದ ಮೇಲೂ ತನ್ನ ಕೂಳನ್ನು ತಾನೇ ಉಣ್ಣುವುದನ್ನು ತೆರೆಯ ಮೇಲೆ ನೋಡಬೇಕೆಂಬುದು ನನ್ನ ಆಸೆ. ಅಂದು ಅತ್ತೆಯನ್ನು ಮುಂದಿನ ಸಾಲಿನಲ್ಲಿ ಕೂಡಿಸಬೇಕು.