ಖಾತೆ ಯಾರ ಹೆಸರಲ್ಲಿದೆ?

ಐಪಿ ಅಡ್ರೆಸ್ ಕೊಡಿ, ಅದರ ಮಾಲೀಕ ಯಾರು ಅಂತ ಹೇಳ್ತೀವಿ ಅನ್ನುವ ತಾಣಗಳು ಬೇಕಾದಷ್ಟಿವೆ. ನಂಬರು ಹಾಕಿ ಗುಂಡಿ ಒತ್ತಿದರೆ ಕಂಪನಿಯ ಹೆಸರು, ಊರು, ಪಿನ್ ಕೋಡು, ಜೊತೆಗೊಂದು ನಕ್ಷೆ, ನಕ್ಷೆಯ ಮೇಲೊಂದು ಕೆಂಪು ಚುಕ್ಕಿ. ನೋಡಿದವರಿಗೆ ಕಳ್ಳ ಸಿಕ್ಕೇಬಿಟ್ಟ ಅನ್ನಿಸಬೇಕು, ಹಾಗಿರುತ್ತೆ. ನನ್ನ ತಕರಾರು ಆ ಚುಕ್ಕಿಯ ಬಗ್ಗೆ. ಅದಕ್ಕಿಂತ ಹೆಚ್ಚಾಗಿ ‘ಮಾಲೀಕ’ ಅನ್ನೋ ಪದದ ಬಗ್ಗೆ.

ಯಲಹಂಕದಲ್ಲಿ ಸೈಟು ಕೊಂಡವರಿಗೆ ಈ ತಕರಾರು ಬೇಗ ಅರ್ಥವಾಗುತ್ತೆ. ಖಾತೆಯೊಂದನ್ನೇ ನೋಡಿ ಇಲ್ಲಿ ಬುದ್ಧಿ ಇದ್ದವರು ದುಡ್ಡು ಕೊಡೋದಿಲ್ಲ. ಖಾತೆ ಎಂದರೆ ಕಂದಾಯ ಯಾರು ಕಟ್ಟಬೇಕು ಅನ್ನೋ ಲೆಕ್ಕ. ಮಾಲೀಕತ್ವಕ್ಕೆ ಕ್ರಯಪತ್ರ ಬೇಕು, ಇಸಿ ತೆಗೆಸಬೇಕು, ಹಳೇ ಪತ್ರಗಳನ್ನೆಲ್ಲ ವಕೀಲರಿಗೆ ತೋರಿಸಬೇಕು. ಇಷ್ಟೆಲ್ಲ ಆದರೂ ಆ ಮನೆಯ ಮೂರನೇ ಮಹಡಿಯಲ್ಲಿ ಬಾಡಿಗೆಗೆ ಯಾರಿದ್ದಾರೆ ಅನ್ನೋದು ಇದ್ಯಾವುದರಲ್ಲೂ ಬರೆದಿರೋದಿಲ್ಲ.

ಐಪಿ ಅಡ್ರೆಸ್ಸಿನ ದಾಖಲೆಯೂ ಹೀಗೇ. ಅದನ್ನು ಹುಡುಕುವ ವ್ಯವಸ್ಥೆಗೆ ‘ಹೂಈಸ್’ ಅಂತ ಹೆಸರು. 1982ರಲ್ಲಿ ಅದರ ನಿಯಮಗಳನ್ನು ಮೊದಲು ಬರೆದಿಟ್ಟಾಗ ಅದು ಅರ್ಪಾನೆಟ್ ಬಳಸುವವರ ಹೆಸರು, ವಿಳಾಸ, ಫೋನ್ ನಂಬರುಗಳ ಡೈರೆಕ್ಟರಿಯಾಗಿತ್ತು. ‘ಯಾರು’ ಅಂತ ಕೇಳಿದರೆ ಒಬ್ಬ ಮನುಷ್ಯನ ಹೆಸರೇ ಬರುತ್ತಿತ್ತು. ಈಗ ಹೆಸರು ಮಾತ್ರ ಹಳೆಯದು. ಜಗತ್ತಿನ ಐಪಿ ನಂಬರುಗಳನ್ನು ಐದು ಪ್ರಾದೇಶಿಕ ಸಂಸ್ಥೆಗಳು ಹಂಚುತ್ತವೆ. ನಮ್ಮ ಭಾಗಕ್ಕೆ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿರುವ ಎಪಿನಿಕ್. ಭಾರತದೊಳಗೆ 2012ರಿಂದ ನಿಕ್ಸಿಯ ಕೈಕೆಳಗಿನ ಐರಿನ್ ಕೂಡ ಈ ಕೆಲಸ ಮಾಡುತ್ತದೆ. ದಾಖಲೆಯಲ್ಲಿರೋದು ಇಷ್ಟು: ಎಲ್ಲಿಂದ ಎಲ್ಲಿಯವರೆಗಿನ ನಂಬರು, ಯಾವ ಕಂಪನಿಗೆ ಹಂಚಿಕೆ, ಯಾವ ದೇಶ, ತೊಂದರೆಯಾದರೆ ಯಾರಿಗೆ ದೂರು ಕೊಡಬೇಕು. ನನ್ನ ಪ್ರಕಾರ ಅತಿ ಉಪಯೋಗದ ಸಾಲು ಆ ದೂರಿನ ಈಮೇಲ್. ನಕ್ಷೆ ತೋರಿಸುವ ತಾಣಗಳು ಅದನ್ನೇ ಪುಟದ ತಳಕ್ಕೆ ತಳ್ಳಿರುತ್ತವೆ, ಇಲ್ಲವೇ ತೋರಿಸೋದೇ ಇಲ್ಲ.

ಇನ್ನು ನಕ್ಷೆಯ ಚುಕ್ಕಿ. ಅದು ಈ ದಾಖಲೆಗೆ ಸೇರಿದ್ದೇ ಅಲ್ಲ. ಬೇರೆ ಕಂಪನಿಗಳು ಅಂದಾಜು ಹಾಕಿ ಮಾರುವ ಸರಕು. ಯಲಹಂಕ ಉಪನಗರದ ನನ್ನ ಮನೆಯ ಐಪಿ ಅಡ್ರೆಸ್ಸನ್ನು ಮೂರು ತಾಣಗಳಲ್ಲಿ ಹಾಕಿ ನೋಡಿದೆ. ಒಂದು ಬೆಂಗಳೂರು ಅಂದಿತು, ಒಂದು ಚೆನ್ನೈ, ಇನ್ನೊಂದು ಮುಂಬೈ. ಇದು ನಗೆಯ ವಿಷಯ ಅನ್ನಿಸಿದರೆ ಅಮೆರಿಕದ ಕಾನ್ಸಾಸ್ ರಾಜ್ಯದ ಒಂದು ತೋಟದ ಮನೆಯ ಕತೆ ಕೇಳಿ. ಮ್ಯಾಕ್ಸ್‌ಮೈಂಡ್ ಎಂಬ ಕಂಪನಿ, ಅಮೆರಿಕದಲ್ಲಿದೆ ಅನ್ನೋದು ಬಿಟ್ಟು ಬೇರೇನೂ ಗೊತ್ತಿಲ್ಲದ ಐಪಿಗಳಿಗೆಲ್ಲ ದೇಶದ ನಟ್ಟನಡುವಿನ ಒಂದು ಬಿಂದು ಕೊಟ್ಟಿತ್ತು. ಆ ಬಿಂದು ಈ ಮನೆಯ ಅಂಗಳಕ್ಕೆ ಬಿತ್ತು. 60 ಕೋಟಿಗೂ ಹೆಚ್ಚು ಅಡ್ರೆಸ್ಸುಗಳು! ವರ್ಷಗಟ್ಟಲೆ ಪೊಲೀಸರು, ತೆರಿಗೆಯವರು, ಆಂಬ್ಯುಲೆನ್ಸಿನವರು ಬಂದು ಬಾಗಿಲು ತಟ್ಟಿದರು. 2016ರಲ್ಲಿ ಪತ್ರಿಕಾ ವರದಿಯಿಂದ ಕಾರಣ ಹೊರಬಂದ ಮೇಲೆ ಕಂಪನಿ ಬಿಂದುವನ್ನು ಒಂದು ಕೆರೆಯ ಮಧ್ಯಕ್ಕೆ ಸಾಗಿಸಿತು.

ಹಾಗಾದರೆ ಒಂದು ನಂಬರಿನ ಹಿಂದಿರುವ ಮನೆ ಯಾವುದು ಅಂತ ಗೊತ್ತಾಗೋದು ಹೇಗೆ? ಅದು ಇಂಟರ್ನೆಟ್ ಕೊಡುವ ಕಂಪನಿಯ ಲಾಗ್ ಪುಸ್ತಕದಲ್ಲಿ ಮಾತ್ರ ಇರುತ್ತೆ. ಬಹಳಷ್ಟು ಮನೆಗಳಿಗೆ ಕಾಯಂ ನಂಬರು ಇರೋದಿಲ್ಲ. ಬೆಳಿಗ್ಗೆ ನಮ್ಮ ಮನೆಯದಾಗಿದ್ದದ್ದು ಸಂಜೆಗೆ ಹೆಬ್ಬಾಳದ ಯಾರದೋ ಆಗಬಹುದು. ಐಪಿವಿ4ರಲ್ಲಿ ಇರೋದೇ ಸುಮಾರು 430 ಕೋಟಿ ನಂಬರು. ಹಂಚಲು ಉಳಿದಿದ್ದ ಕೊನೆಯ ಗಂಟುಗಳೂ 2011ರ ಫೆಬ್ರವರಿಯಲ್ಲಿ ಪ್ರಾದೇಶಿಕ ಸಂಸ್ಥೆಗಳ ಪಾಲಾದವು. ಹಾಗಾಗಿ ಈಗ ಒಂದೇ ನಂಬರನ್ನು ನೂರಾರು ಗ್ರಾಹಕರು ಒಟ್ಟಿಗೆ ಬಳಸುವುದುಂಟು. ಅವರಲ್ಲಿ ಒಬ್ಬರನ್ನು ಗುರುತಿಸಲು ಪೋರ್ಟ್ ನಂಬರು ಬೇಕು, ಸಮಯ ಸೆಕೆಂಡಿನ ಲೆಕ್ಕದಲ್ಲಿ ಬೇಕು. ಅದೂ ಯಾವ ದೇಶದ ಗಡಿಯಾರದ ಸಮಯ? ವಿಶ್ವ ಸಮಯದ ಸಂಜೆ 7 ಅಂದರೆ ನಮಗೆ ನಡುರಾತ್ರಿ ದಾಟಿ 12.30, ತಾರೀಕೇ ಬದಲಾಗಿರುತ್ತೆ. ಇಲ್ಲಿ ಎಡವಿದರೆ ಬಾಗಿಲು ತಟ್ಟೋದು ಬೇರೆಯವರ ಮನೆಯದು.

ತಟ್ಟಿದ್ದೂ ಆಗಿದೆ, ನಮ್ಮ ಬೆಂಗಳೂರಿನಲ್ಲೇ. 2007ರ ಆಗಸ್ಟ್ ಕೊನೆಯಲ್ಲಿ ಪುಣೆ ಪೊಲೀಸರು ಇಲ್ಲಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರನ್ನು ಬಂಧಿಸಿ ಕರೆದೊಯ್ದರು. ಆರ್ಕುಟ್‌ನಲ್ಲಿ ಶಿವಾಜಿಗೆ ಅವಮಾನ ಮಾಡುವ ಚಿತ್ರ ಹಾಕಿದ್ದಾನೆ ಅನ್ನೋದು ಆರೋಪ. ಕೈಯಲ್ಲಿದ್ದ ಆಧಾರ ಒಂದು ಐಪಿ ಅಡ್ರೆಸ್, ಅದು ಯಾರದು ಅಂತ ಏರ್‌ಟೆಲ್ ಕೊಟ್ಟ ವಿವರ. ವಿವರ ತಪ್ಪಾಗಿತ್ತು. ತಪ್ಪು ಅಂತ ಗೊತ್ತಾಗಿ ಆತ ಹೊರಬರುವಷ್ಟರಲ್ಲಿ ಜೈಲಿನಲ್ಲಿ ಸುಮಾರು 50 ದಿನ ಕಳೆದಿದ್ದವು. ಆ 50 ದಿನಗಳಲ್ಲಿ ಆತನ ಕಂಪ್ಯೂಟರಿನಲ್ಲಿ ಆ ಚಿತ್ರ ಇದೆಯೇ, ಆ ಹೊತ್ತಿಗೆ ಆತ ಎಲ್ಲಿದ್ದ, ಅದೇ ನಂಬರಿನ ವಿವರವನ್ನು ಇನ್ನೊಮ್ಮೆ ಕೇಳಿ ತಾಳೆ ನೋಡೋಣ ಅನ್ನುವ ಪ್ರಶ್ನೆಗಳು ಬಂಧನಕ್ಕೆ ಮೊದಲೇ ಬರಬೇಕಿತ್ತಲ್ವೇ?

ನಿಯಮಗಳು ಈಗ ಸ್ವಲ್ಪ ಬಿಗಿಯಾಗಿವೆ. 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಹೊರಡಿಸಿದ ಆದೇಶದ ಪ್ರಕಾರ ಲಾಗುಗಳನ್ನು 180 ದಿನ ಇಡಬೇಕು, ಗಡಿಯಾರಗಳನ್ನು ಅಧಿಕೃತ ಸಮಯಕ್ಕೆ ಹೊಂದಿಸಿರಬೇಕು. ಗಡಿಯಾರದ ಮಾತು ಒಳ್ಳೆಯದೇ. ಆದರೆ ಲಾಗು ಎಷ್ಟು ದಿನ ಇಟ್ಟರೂ ಅದು ತೋರಿಸುವುದು ಒಂದು ಕನೆಕ್ಷನ್ನನ್ನು. ಪಿಜಿಯೊಂದರಲ್ಲಿ 40 ಹುಡುಗರು ಒಂದೇ ವೈಫೈ ಬಳಸಿದರೆ ಬಿಲ್ಲು ಬರೋದು ಪಿಜಿ ನಡೆಸುವವರ ಹೆಸರಿಗೆ. ಅಪರಾಧಿ ಅವರೇ ಅನ್ನೋಕ್ಕಾಗುತ್ತಾ?

ಐಪಿ ಹುಡುಕಲೇಬಾರದು ಅಂತ ನಾನು ಹೇಳ್ತಿಲ್ಲ. ನಿಮ್ಮ ಖಾತೆಗೆ ಯಾರೋ ಲಾಗಿನ್ ಆಗಲು ನೋಡಿದ್ದಾರೆ ಅಂದರೆ ನಂಬರು, ಸಮಯ, ಸಮಯವಲಯ ಮೂರನ್ನೂ ಬರೆದಿಟ್ಟುಕೊಳ್ಳಿ. ಎಪಿನಿಕ್‌ನಂಥ ಮೂಲ ದಾಖಲೆಯಲ್ಲೇ ಹುಡುಕಿ, ದೂರಿನ ಈಮೇಲಿಗೆ ಬರೆಯಿರಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಪತ್ರಿಕೆಯವರಲ್ಲೂ ಒಂದು ಕೋರಿಕೆ. ‘ಐಪಿ ಅಡ್ರೆಸ್ ಮೂಲಕ ಆರೋಪಿ ಪತ್ತೆ’ ಅಂತ ಬರೆಯುವ ಮುನ್ನ, ನಂಬರಿನಿಂದ ಆ ವ್ಯಕ್ತಿಯವರೆಗೆ ಪೊಲೀಸರು ಹೇಗೆ ಬಂದರು ಅಂತ ಒಂದು ಮಾತು ಕೇಳಿ. ಉತ್ತರ ‘ಕಂಪನಿ ಹೇಳ್ತು’ ಅಂತಿದ್ದರೆ, ಅದನ್ನೂ ಸುದ್ದಿಯಲ್ಲಿ ಬರೆಯಿರಿ.