ಮೂಲೆ ಹಿಡಿದ ನಾಯಿಗೆ ದಾರಿ ಬಿಡಿ

ನಾಯಿ ಕಂಡರೆ ಕಲ್ಲಿಲ್ಲ, ಕಲ್ಲು ಕಂಡರೆ ನಾಯಿಯಿಲ್ಲ ಎಂಬ ಗಾದೆಯನ್ನು ನಾವು ಯಾವತ್ತೂ ಮನುಷ್ಯರ ಕಡೆ ನಿಂತೇ ಹೇಳಿದ್ದೇವೆ. ಬೀದಿಯಲ್ಲಿ ಬೆಳೆದ ನಾಯಿಯ ಲೆಕ್ಕದಲ್ಲಿ ಕಲ್ಲು ಇಲ್ಲದ ಗಳಿಗೆಯೇ ಇಲ್ಲ. ಮನುಷ್ಯ ಬಗ್ಗಿದನೆಂದರೆ ಅವನ ಕೈಗೆ ಕಲ್ಲು ಸಿಕ್ಕಿತು ಎಂದೇ ಅದು ತಿಳಿಯುತ್ತದೆ. ಕೊಯಮತ್ತೂರಿನ ಗಾಂಧಿಪುರಂ ಗಲ್ಲಿಯೊಂದರಲ್ಲಿ ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿ ನೋಡಿ, ಹತ್ತು ಮಾರು ಆಚೆ ಮಲಗಿದ್ದ ನಾಯಿಯೂ ಎದ್ದು ಜಾಗ ಖಾಲಿ ಮಾಡುತ್ತದೆ. ಅಂಥದೇ ನಾಯಿಯನ್ನು ಮನೆಗೆ ತಂದು, ಮೊಸರನ್ನದ ತಟ್ಟೆ ಇಡಲೆಂದು ಅದರ ಮುಂದೆಯೇ ಬಗ್ಗುತ್ತೇವೆ. ಅದು ಬಾಲ ಮುದುರಿ ಸೋಫಾದ ಹಿಂದೆ ಸೇರಿಕೊಂಡರೆ ‘ಇಷ್ಟು ಪ್ರೀತಿ ಮಾಡಿದರೂ ನಂಬಲ್ಲವಲ್ಲ’ ಎಂದು ನಮಗೇ ಮುನಿಸು!

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಈಗ ದತ್ತು ಹೋಗುವ ನಾಯಿಗಳಲ್ಲಿ ನಾಟಿ ತಳಿಯವು ಬೇಕಾದಷ್ಟಿವೆ. ದೆಹಲಿಯ ಬೀದಿ ನಾಯಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಕೊಟ್ಟ ಆದೇಶದಲ್ಲೂ ದತ್ತಿನ ಮಾತಿದೆ. ಇಷ್ಟವಿರುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಿ ನಾಯಿಯನ್ನು ಪಡೆಯಬಹುದು, ಪಡೆದ ಮೇಲೆ ಅದು ಮರಳಿ ಬೀದಿ ಸೇರದಂತೆ ನೋಡಿಕೊಳ್ಳುವುದು ಅವರದೇ ಹೊಣೆ. ಹೀಗೆ ದತ್ತು ಬರುವ ನಾಯಿಗಳು ಬೀದಿಯಲ್ಲಿ ಪಟ್ಟ ಪಾಡು ಸಣ್ಣದಲ್ಲ. ಕಾಂಗೇಯಂ, ವೆಳ್ಳಕೋವಿಲ್ ಕಡೆ ನಾಯಿಗಳ ಹಿಂಡು ದೊಡ್ಡಿಗೆ ನುಗ್ಗಿ ಕುರಿಗಳನ್ನು ಕೊಂದಿದ್ದರಿಂದ ರೈತರು ಪರಿಹಾರ ಕೇಳಿ ರಸ್ತೆಗಿಳಿದಿದ್ದಾರೆ. ಅವರ ಸಿಟ್ಟು ನ್ಯಾಯವೇ. ಆದರೆ ಆ ಸಿಟ್ಟಿನ ಏಟು ಕುರಿಯ ತಂಟೆಗೇ ಹೋಗದ ನಾಯಿಗೂ ಬೀಳುತ್ತದೆ.

ನಾಯಿ ತಂದ ದಿನ ಮೊದಲು ಅದರ ಕಿವಿ ನೋಡಿ. ತುದಿಯಲ್ಲಿ ಕತ್ತರಿಸಿದ ಗುರುತಿದ್ದರೆ ಅದು ಸಂತಾನಹರಣ ಶಸ್ತ್ರಚಿಕಿತ್ಸೆ ಆದ ನಾಯಿ. ಅಂದರೆ ಒಮ್ಮೆ ಯಾರೋ ಅದನ್ನು ಬಲೆ ಬೀಸಿಯೋ ಕುತ್ತಿಗೆಗೆ ಕುಣಿಕೆ ಹಾಕಿಯೋ ಹಿಡಿದು ವ್ಯಾನಿಗೆ ತುಂಬಿದ್ದಾರೆ. ಕಾರು ಹತ್ತಲು ಒಲ್ಲೆನೆಂದರೆ, ಕತ್ತಿನ ಹತ್ತಿರ ಕೈ ಹೋದೊಡನೆ ಕಲ್ಲಿನಂತೆ ಸೆಟೆದುಕೊಂಡರೆ ಕಾರಣ ಅಲ್ಲಿರಬಹುದು. ಇಂಥದಕ್ಕೆ ಕುತ್ತಿಗೆ ಪಟ್ಟಿಗಿಂತ ಎದೆಗೆ ಕಟ್ಟುವ ಹಾರ್ನೆಸ್ ವಾಸಿ. ಹೊರಗೆ ಹೋಗುವಾಗ ಹಾರ್ನೆಸ್‌ಗೊಂದು, ಪಟ್ಟಿಗೊಂದು ಎರಡು ಹಗ್ಗ ಇರಲಿ. ಹೆದರಿದ ನಾಯಿ ಹಿಮ್ಮುಖವಾಗಿ ಜಗ್ಗಿದರೆ ಪಟ್ಟಿ ತಲೆಯಿಂದ ಕಳಚಿಬರುವುದು ಸಲೀಸು. ಆಮೇಲೆ ಅವಿನಾಶಿ ರಸ್ತೆಯ ವಾಹನಗಳ ನಡುವೆ ಅದರ ಹಿಂದೆ ಓಡುವುದು ನಿಮ್ಮ ಪಾಡು.

ಮನೆಯೊಳಗಿನ ಭಯ ಇನ್ನೊಂದು ಬಗೆ. ಸೋಮನೂರು, ಪಲ್ಲಡಂ ಕಡೆ ಪವರ್‌ಲೂಮ್ ಶೆಡ್ಡಿನ ಬಾಗಿಲಲ್ಲೇ ಹುಟ್ಟಿ ಬೆಳೆದ ನಾಯಿಗಳು ಮಗ್ಗದ ಸದ್ದಿಗೆ ಕಿವಿ ಸಹ ಅಲ್ಲಾಡಿಸದೆ ನಿದ್ದೆ ಹೊಡೆಯುತ್ತವೆ. ಅವೇ ನಾಯಿಗಳಿಗೆ ಕುಕ್ಕರ್ ಸೀಟಿ ಕೇಳಿದರೆ ಜೀವ ಹೋಗುತ್ತದೆ. ಸದ್ದು ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ ಮರಿಯಾಗಿದ್ದಾಗ ಕೇಳಿತ್ತೋ ಇಲ್ಲವೋ ಎಂಬುದೇ ಮುಖ್ಯ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ವರ್ಷಗಟ್ಟಲೆ ನಾಯಿಮರಿಗಳನ್ನು ಸಾಕಿ 1965ರಲ್ಲಿ ಬರೆದ ಪುಸ್ತಕದ ಪ್ರಕಾರ, ಮರಿ ಲೋಕವನ್ನು ಸುಲಭವಾಗಿ ಒಪ್ಪಿಕೊಳ್ಳುವ ಕಾಲ ಹುಟ್ಟಿದ ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ ಮಾತ್ರ. ದತ್ತು ಬರುವ ಬೆಳೆದ ನಾಯಿಗೆ ಆ ಕಾಲ ಎಂದೋ ಮುಗಿದಿರುತ್ತದೆ. ನುಣ್ಣನೆಯ ಟೈಲ್ಸ್ ನೆಲ, ತಿರುಗುವ ಫ್ಯಾನು, ಮೆಟ್ಟಿಲು, ಕನ್ನಡಿ, ಮೂಲೆಯ ಪೊರಕೆ ಎಲ್ಲವೂ ಅದಕ್ಕೆ ಹೊಸದು. ಮೊದಲು ನೆಲಕ್ಕೆ ನಾಲ್ಕು ಗೋಣಿಚೀಲ ಹಾಸಿ. ಕಾಲು ಜಾರದಿದ್ದರೆ ಅರ್ಧ ಧೈರ್ಯ ಬಂದಂತೆ.

ದತ್ತು ಕೊಡುವವರು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಸೂತ್ರ ಹೇಳುತ್ತಾರೆ: ಮೂರು ದಿನಕ್ಕೆ ಬೆರಗು ಇಳಿಯುತ್ತದೆ, ಮೂರು ವಾರಕ್ಕೆ ಮನೆಯ ರೀತಿ ತಿಳಿಯುತ್ತದೆ, ಮೂರು ತಿಂಗಳಿಗೆ ಮನೆ ತನ್ನದಾಗುತ್ತದೆ. ಹೊಸಬರನ್ನು ಸಮಾಧಾನಪಡಿಸಲು ಚೆನ್ನಾಗಿದೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ನಾಯಿಗೆ ಕ್ಯಾಲೆಂಡರ್ ಗೊತ್ತಿಲ್ಲ. ನಾಲ್ಕನೇ ತಿಂಗಳಲ್ಲೂ ಸೋಫಾದ ಹಿಂದೆಯೇ ಇರುವ ನಾಯಿಯಲ್ಲಿ ಏನೋ ಕೊರತೆಯಿದೆ ಎಂದು ಮಾಲೀಕರು ಕೈಬಿಡುವುದಕ್ಕೂ ಈ ಸೂತ್ರವೇ ನೆಪವಾಗುತ್ತದೆ.

ಸೋಫಾದ ಹಿಂದಿನಿಂದ ಎಳೆದು ತಂದು, ತೊಡೆಯ ಮೇಲೆ ಹಿಡಿದಿಟ್ಟು ಸವರಿದರೆ ಅಭ್ಯಾಸವಾಗುತ್ತದೆ ಎನ್ನುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಹಿಡಿದಾಗ ನಾಯಿ ಸುಮ್ಮನಾಗುವುದು ನಿಜ. ಆ ಸುಮ್ಮನಿರುವಿಕೆ ಏನೆಂದು 1967ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಸೆಲಿಗ್ಮನ್, ಸ್ಟೀವನ್ ಮೇಯರ್ ತೋರಿಸಿದ್ದಾರೆ. ಅದು ಇಂದಿನ ಕಣ್ಣಿಗೆ ಕ್ರೂರವಾದ ಪ್ರಯೋಗ. ಎರಡು ಗುಂಪು ನಾಯಿಗಳಿಗೂ ಒಂದೇ ಪ್ರಮಾಣದ ವಿದ್ಯುತ್ ಆಘಾತ. ಒಂದು ಗುಂಪು ತಲೆಯಿಂದ ಹಲಗೆ ಒತ್ತಿ ಆಘಾತ ನಿಲ್ಲಿಸಬಹುದಿತ್ತು, ಇನ್ನೊಂದಕ್ಕೆ ಆ ಅವಕಾಶವಿರಲಿಲ್ಲ. ಆಮೇಲೆ ಎರಡನ್ನೂ ಗಿಡ್ಡ ಗೋಡೆ ಹಾರಿ ಪಾರಾಗಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟರು. ಮೊದಲ ಗುಂಪಿನವು ಹಾರುವುದನ್ನು ಬೇಗ ಕಲಿತವು. ಎರಡನೆಯ ಗುಂಪಿನ ಹೆಚ್ಚಿನ ನಾಯಿಗಳು ಮಲಗಿ ಕುಂಯ್‌ಗುಟ್ಟುತ್ತ ಸಹಿಸಿಕೊಂಡವು. ನೋವು ಎರಡಕ್ಕೂ ಸಮನಾಗಿತ್ತು. ಅದನ್ನು ತಾನೇ ನಿಲ್ಲಿಸಬಲ್ಲೆ ಎಂಬ ಅನುಭವವಷ್ಟೇ ಬೇರೆ.

ಈ ಅಂಕಣದಲ್ಲಿ ಇವತ್ತು ನಾನು ಹೇಳಬೇಕಾದ ಮಾತೂ ಅಷ್ಟೇ. ಅಂಜುಬುರುಕ ನಾಯಿಗೆ ಬಿಟ್ಟುಹೋಗುವ ದಾರಿ ಸದಾ ತೆರೆದಿರಬೇಕು. ಅದರ ಮೂಲೆಗೆ ನೀವು ಹೋಗಬೇಡಿ, ಅದು ಬರಲಿ. ಎದುರುಬದುರು ನಿಲ್ಲುವ ಬದಲು ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತು ಪೇಪರ್ ಓದಿ. ಕಣ್ಣಲ್ಲಿ ಕಣ್ಣಿಡಬೇಡಿ. ಹತ್ತಿರ ಬಂದು ಮೂಸಿದರೆ ಮೂಸಲಿ, ಕೈ ಚಾಚಬೇಡಿ. ಸವರುವುದಾದರೂ ನೆತ್ತಿಯ ಮೇಲಿಂದ ಬೇಡ, ಎದೆಯ ಪಕ್ಕದಲ್ಲಿ ಎರಡು ಸಲ ಸವರಿ ಕೈ ಹಿಂದಕ್ಕೆ ತೆಗೆಯಿರಿ. ಇನ್ನೂ ಬೇಕೆಂದರೆ ಅದೇ ಮೈ ಒತ್ತುತ್ತದೆ. ಬೇಡವೆಂದರೆ ತುಟಿ ನೆಕ್ಕುತ್ತದೆ, ನಿದ್ದೆ ಬರದಿದ್ದರೂ ಆಕಳಿಸುತ್ತದೆ, ಕಣ್ಣಂಚಿನ ಬಿಳುಪು ಕಾಣುವಂತೆ ಓರೆಯಾಗಿ ನೋಡುತ್ತದೆ.

ಆಮೇಲೆ ಸದ್ದಿನ ಪಾಠ. ಭೌಗೋಳಿಕ ಮಾನ್ಯತೆ ಪಡೆದ ಕೊಯಮತ್ತೂರು ವೆಟ್ ಗ್ರೈಂಡರ್ ನಮ್ಮ ಕಡೆಯ ಅಡುಗೆಮನೆಗಳಲ್ಲಿ ಇದ್ದೇ ಇರುತ್ತದೆ, ದೋಸೆ ಹಿಟ್ಟು ಬಿಡುವ ಹಾಗೂ ಇಲ್ಲ. ನಾಯಿ ಹಿತ್ತಿಲಲ್ಲಿರಲಿ, ಅಡುಗೆಮನೆ ಬಾಗಿಲು ಮುಚ್ಚಿರಲಿ. ಗ್ರೈಂಡರ್ ಹಾಕಿದ ಮರುಗಳಿಗೆ ಬೇಯಿಸಿದ ಲಿವರ್ ಚೂರುಗಳು ಬೀಳಲಿ, ಮಾಂಸ ತಿನ್ನದ ಮನೆಯಾದರೆ ಪನೀರ್. ಗ್ರೈಂಡರ್ ನಿಂತಿತೋ, ತಿಂಡಿಯೂ ನಿಂತಿತು. ಹಲವರು ಎಡವುವುದು ಇದರ ಕ್ರಮದಲ್ಲಿ. ಮೊದಲು ಸದ್ದು, ಆಮೇಲೆ ತಿಂಡಿ. ತಿಂಡಿ ಕೊಟ್ಟು ನಂತರ ಸ್ವಿಚ್ ಒತ್ತಿದರೆ, ಲಿವರ್ ವಾಸನೆ ಬಂದರೇ ಮುಂದೇನೋ ಕಾದಿದೆ ಎಂದು ನಾಯಿ ಕಲಿಯುತ್ತದೆ. ತಿನ್ನದೆ ದೂರ ಸರಿದರೆ ನೀವು ಆತುರ ಮಾಡಿದಿರಿ ಎಂದರ್ಥ, ಇನ್ನಷ್ಟು ದೂರದಿಂದ ಶುರುಮಾಡಿ.

ಈ ವಿದ್ಯೆಗೆ ನೂರು ವರ್ಷ ದಾಟಿದೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬಾಕೆ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನಿಗೆ ತಿಂಡಿ ಕೊಡುತ್ತ, ಮೊಲದ ಪಂಜರವನ್ನು ಚೂರುಚೂರೇ ಹತ್ತಿರ ತಂದು ಭಯ ಬಿಡಿಸಿದ್ದನ್ನು ಪ್ರಕಟಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಪ್ರವಾಹ ಬಂದು ವಿಜ್ಞಾನಿ ಪಾವ್ಲೋವ್ ಅವರ ಪ್ರಯೋಗದ ನಾಯಿಗಳು ಮುಳುಗುವುದರಲ್ಲಿದ್ದವು. ಬದುಕುಳಿದ ಕೆಲವು ಕಲಿತದ್ದನ್ನೆಲ್ಲ ಮರೆತವು. ಅವುಗಳಲ್ಲೊಂದು ಹೇಗೋ ಸುಧಾರಿಸಿಕೊಂಡಿತ್ತು, ಬಾಗಿಲ ಸಂದಿಯಿಂದ ತೆಳ್ಳಗೆ ನೀರು ಹರಿಸಿದಾಗ ಮತ್ತೆ ಕುಸಿಯಿತು. ಗಂಟೆ, ಜೊಲ್ಲಿನ ಕಥೆ ಎಲ್ಲರಿಗೂ ಗೊತ್ತು, ಇದು ಗೊತ್ತಿರಬೇಕಾದ ಕಥೆ. ಹೋಯಿತೆಂದುಕೊಂಡ ಭಯ ಮರಳಿ ಬರಬಹುದು. ಬಂದರೆ ಮೊದಲ ಪಾಠದಿಂದ ಮತ್ತೆ ಶುರು.

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಇನ್ನೊಂದು ಗಾದೆಯನ್ನು ನಾಯಿ ಸಾಕುವವರು ಮರೆತುಬಿಡುವುದು ಕ್ಷೇಮ. ದಾರಿ ಕಾಣದ ಹೆದರುಪುಕ್ಕಲ ನಾಯಿಯೇ ಕಚ್ಚುವುದು. ಅದಕ್ಕೆ ಮುಂಚೆ ಗುರ್ ಎನ್ನುತ್ತದೆ. ಗುರ್ ಎಂದದ್ದಕ್ಕೆ ಹೊಡೆದರೆ ಎಚ್ಚರಿಕೆಯನ್ನು ಬಿಟ್ಟು ನೇರ ಕಚ್ಚುವುದನ್ನು ಕಲಿಯುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಅವರಿಗೂ ಹೇಳಿಕೊಡಿ. ರೇಬಿಸ್ ಲಸಿಕೆಯಂತೂ ಮೊದಲ ವಾರವೇ ಆಗಲಿ. ಇಲ್ಲಿಂದ ಬೆಟ್ಟ ಹತ್ತಿದರೆ ಸಿಗುವ ಕೂನೂರಿನ ಪಾಶ್ಚರ್ ಸಂಸ್ಥೆ 1907ರಿಂದ ಈ ರೋಗದ ಮೇಲೇ ಕೆಲಸ ಮಾಡುತ್ತಿದ್ದರೂ ಲಸಿಕೆಯನ್ನು ನಾಳೆ ನಾಳೆ ಎನ್ನುವ ಮನೆಗಳು ಕಡಿಮೆಯಾಗಿಲ್ಲ.

ಊಟ ಬಿಟ್ಟ, ತನ್ನ ಮೈಯನ್ನೇ ಕಚ್ಚಿಕೊಳ್ಳುವ ನಾಯಿಗೆ ತಿಂಡಿಯ ಪಾಠ ಸಾಲದು. ಪಶುವೈದ್ಯರ ಬಳಿ ಹೋಗಿ. ತಿರುಪ್ಪೂರು ಜಿಲ್ಲೆಯವರಿಗೆ ಈಗ ಉಡುಮಲೆಪೇಟೆಯಲ್ಲೇ ಪಶುವೈದ್ಯ ಕಾಲೇಜಿದೆ. ಭಯವನ್ನೇ ತಗ್ಗಿಸುವ ಔಷಧಿ ಕೇಳಿ. ಮಂಪರು ತರುವ ಅಸೆಪ್ರೊಮಜಿನ್‌ನಂಥದನ್ನು ಒಂದನ್ನೇ ಕೊಟ್ಟರೆ ಮೈ ಜೋಲುತ್ತದೆ, ಒಳಗಿನ ದಿಗಿಲು ಹಾಗೇ ಉಳಿಯುತ್ತದೆ.

ಈ ಸೀಮೆಯ ನಾಯಿಗಳಿಗೆ ವರ್ಷದಲ್ಲಿ ಕಷ್ಟದ ಕಾಲ ಒಂದೇ. ವಿಜಯದಶಮಿಯಂದು ಕೊಯಮತ್ತೂರಿನ ರಾಜಬೀದಿಯ ಚೌಡೇಶ್ವರಿಗೆ ನಮ್ಮ ದೇವಾಂಗ ಸಮುದಾಯದವರು ಕತ್ತಿಯಿಂದ ಮೈಗೆ ಹೊಡೆದುಕೊಳ್ಳುತ್ತ ಕೂಗಿಕೊಂಡು ಮೆರವಣಿಗೆ ಬರುತ್ತಾರೆ. ಹಿಂದೆಯೇ ದೀಪಾವಳಿ ಪಟಾಕಿ. ಹಬ್ಬ ನಿಲ್ಲಿಸಿ ಎಂದು ನಾನೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಆದರೆ ನವರಾತ್ರಿಯ ಹೊತ್ತಿಗೆ ಹೊಸ ನಾಯಿ ತಂದು, ಮೂರೇ ವಾರದಲ್ಲಿ ಸರಮಾಲೆ ಪಟಾಕಿಯ ನಡುವೆ ನಿಲ್ಲಿಸುವುದು ಅನ್ಯಾಯ. ದತ್ತು ತೆಗೆದುಕೊಳ್ಳುವ ಮನಸ್ಸಿದ್ದವರು ದಯವಿಟ್ಟು ದೀಪಾವಳಿ ಕಳೆದ ಮೇಲೆ ತನ್ನಿ. ಮುಂದಿನ ಪಟಾಕಿಗೆ ನಾಯಿಯನ್ನು ಸಿದ್ಧಪಡಿಸಲು ಸುಮಾರು ಹನ್ನೊಂದು ತಿಂಗಳು ಸಿಗುತ್ತದೆ.