ಮಿರಜದ ತಂಬೂರಿ ಮತ್ತು ನಮ್ಮ ಕಿವಿ
ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಗಾಯನದ ಬಗ್ಗೆ ನಾವು ಪುಟಗಟ್ಟಲೆ ಬರೆದಿದ್ದೇವೆ. ಹಿಂದೆ ನುಡಿಯುವ ತಂಬೂರಿಯ ಬಗ್ಗೆ ಬರೆದದ್ದು ತೀರಾ ಕಡಿಮೆ. ಇವರ ಗುರು ಸವಾಯಿ ಗಂಧರ್ವರಿಗೆ ಕಲಿಸಿದ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ನಮ್ಮ ಗಡಿಯಾಚೆಯ ಮಿರಜದಲ್ಲಿ. ಅಲ್ಲಿನ ಶಿಕಲಗಾರ ಮುಸ್ಲಿಮರದು ಆಯುಧಕ್ಕೆ ಸಾಣೆ ಹಿಡಿಯುವ ಕಸುಬು. ಹತ್ತೊಂಬತ್ತನೆಯ ಶತಮಾನದಲ್ಲಿ ಕತ್ತಿಗೆ ಗಿರಾಕಿ ಇಲ್ಲವಾದಾಗ ಆ ಕೈಗಳು ತಂತಿವಾದ್ಯಕ್ಕೆ ತಿರುಗಿದವು.

ಒಣಗಿದ ಬುರುಡೆಗೆ ಮರದ ದಂಡಿ ಜೋಡಿಸುವುದು ಬಡಗಿತನ. ಅಸಲು ವಿದ್ಯೆ ಜವಾರಿ ತೆಗೆಯುವುದು. (ಧಾರವಾಡದ ಕಡೆ ನಾಟಿ ತರಕಾರಿಯೂ ಜವಾರಿಯೇ!) ತಂತಿ ಕೂರುವ ಕುದುರೆಯ ಮೈಯನ್ನು ಅರದಿಂದ ಕೂದಲೆಳೆಯಷ್ಟು ತೀಡಿ, ಕೇಳಿ, ಮತ್ತೆ ತೀಡುತ್ತಾರೆ. ತಂತಿ ಅದನ್ನು ಸವರುತ್ತ ಕಂಪಿಸಿದರೆ ಒಂದೇ ಸ್ವರದೊಳಗಿಂದ ಹಲವು ಸ್ವರಗಳು ಏಳುತ್ತವೆ. ಇದಕ್ಕೆ ಅಳತೆಗೋಲು ಕಿವಿಯೊಂದೇ.

1979ರಲ್ಲಿ ಬೆಂಗಳೂರಿನಲ್ಲೇ ಎಲೆಕ್ಟ್ರಾನಿಕ್ ತಂಬೂರಿ ಬಂತು. ಈಗ ಮೊಬೈಲಿನಲ್ಲೂ ಸಿಗುತ್ತದೆ. ಅಭ್ಯಾಸಕ್ಕೆ ಅದು ಸಾಕು. ಆದರೆ ಹಾಡುವವರ ಕಂಠ ಕೇಳಿ ಜವಾರಿ ತೀಡುವ ಕೈ ಅದಕ್ಕೆಲ್ಲಿದೆ?

2024ರಲ್ಲಿ ಮಿರಜದ ಸಿತಾರ್, ತಂಬೂರಿಗಳಿಗೆ ಜಿಐ ಮಾನ್ಯತೆ ದೊರೆಯಿತು. ಅದು ಹೆಸರನ್ನು ಕಾಯುತ್ತದೆ, ಕೂಲಿಯನ್ನಲ್ಲ. ನಮ್ಮ ಸಂಗೀತ ಸಭೆಗಳು ಹೊಸ ವಾದ್ಯ ಕೊಳ್ಳಲಿ, ಆಮಂತ್ರಣ ಪತ್ರಿಕೆಯಲ್ಲಿ ತಂಬೂರಿ ಮಾಡಿದವರ ಹೆಸರನ್ನೂ ಅಚ್ಚು ಹಾಕಲಿ.